ಹಿಡಿ ಬದಲಿಸುವ ಮುನ್ನ ಅಲಗಿನ ಕಥೆ ಕೇಳಿ

ಜಪಾನಿ ಕತ್ತಿಗೂ ಕೋರಮಂಡಲ ತೀರಕ್ಕೂ ಹಳೆಯ ನಂಟು * ಅಟ್ಟದ ಮೇಲಿನ ಆಯುಧ ಮಾರುವವರಿಗೆ, ಕೊಳ್ಳುವವರಿಗೆ ಒಂದು ಕಿವಿಮಾತು

ಚೆನ್ನೈ: ಆಯುಧಪೂಜೆಯ ದಿನ ತ್ರಿಪ್ಲಿಕೇನ್‌ನ ಬೀದಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಕಬ್ಬಿಣಕ್ಕೂ ಒಂದು ಹಬ್ಬ ಇದೆ ಎಂಬುದು ತಿಳಿಯುತ್ತದೆ. ಸೈಕಲ್ ಅಂಗಡಿಯ ಪಾನಾ, ಮುದ್ರಣಾಲಯದ ಯಂತ್ರ, ಆಟೋದ ಮುಂಗಾಲಿ ಎಲ್ಲದಕ್ಕೂ ಗಂಧ, ಕುಂಕುಮ, ಬೂದುಗುಂಬಳ. ನಮ್ಮ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಅಂದು ಈಳಿಗೆಮಣೆಗೂ ತರಕಾರಿ ಚೂರಿಗೂ ರಜೆ. ತೊಳೆದು, ಸಾಲಾಗಿ ಇಟ್ಟು, ಹೂ ಏರಿಸಿ ಆರತಿ ಎತ್ತುತ್ತಾರೆ.

ಊರಿನಿಂದ ಬಂದ ಕೆಲವು ಮನೆತನಗಳಲ್ಲಿ ಅಂದು ಇನ್ನೊಂದು ವಸ್ತುವೂ ಬಟ್ಟೆಯ ಗಂಟಿನಿಂದ ಹೊರಬರುತ್ತದೆ. ಕೊಡಗಿನವರಲ್ಲಿ ಅದು ಒಡಿಕತ್ತಿ ಅಥವಾ ಪೀಚೆಕತ್ತಿ. ಕರಾವಳಿಯ ಗುತ್ತಿನ ಮನೆಯವರಲ್ಲಿ ಅಜ್ಜನ ಕಾಲದ ಖಡ್ಗ. ಸೈನ್ಯದಲ್ಲಿ ದುಡಿದವರ ಮನೆಯಲ್ಲಿ, ಅಪರೂಪಕ್ಕೆ, ಎರಡನೆಯ ಮಹಾಯುದ್ಧದ ಕಾಲದ ಜಪಾನಿ ಕತ್ತಿ. ಇವುಗಳ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಬಗೆ ಸೇರಿಕೊಂಡಿದೆ. ಸಿನಿಮಾ, ವಿಡಿಯೋ ಗೇಮ್, ಜಪಾನಿ ಕಾರ್ಟೂನುಗಳ ಮೋಹದಿಂದ ಯುವಕರು ಕೊಂಡು ತಂದು ಗೋಡೆಗೆ ತೂಗುಹಾಕುವ ಜಪಾನಿ ಮಾದರಿಯ ಕತ್ತಿ, ಅಂದರೆ 'ಕಟಾನಾ'.

ಇಂಥ ಕತ್ತಿಯನ್ನು ಕೊಂಡು, ಹಿಡಿಯ ದಾರ ಬಿಚ್ಚಿ ಬೇರೆ ಬಣ್ಣದ ದಾರ ಸುತ್ತಿ, ಒರೆಗೆ ಹೊಸ ಅರಗು ಬಳಿದು, ಕೈಗಾಪಿನ ತಟ್ಟೆ ಬದಲಿಸಿ, ಸ್ವಲ್ಪ ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡುವುದು ಜಗತ್ತಿನ ಅನೇಕ ಕಡೆ ಒಂದು ಹವ್ಯಾಸ, ಒಂದು ಸಣ್ಣ ವ್ಯಾಪಾರ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಸ ಕತ್ತಿಗೆ ಮಾಡುವ ಈ ಅಲಂಕಾರವನ್ನೇ ಹಳೆಯ ಕತ್ತಿಗೂ ಮಾಡಿದರೆ ಏನಾಗುತ್ತದೆ? ಒಂದು ಸಂಜೆಯ ಕೆಲಸದಲ್ಲಿ ಒಂದು ಮನೆತನದ, ಕೆಲವೊಮ್ಮೆ ಒಂದು ನಾಡಿನ ಚರಿತ್ರೆ ಅಳಿಸಿಹೋಗುತ್ತದೆ. ಆದ್ದರಿಂದ ಈ ಸಂಗತಿ ನಮ್ಮ ಸಂಘಗಳ ಸದಸ್ಯರು ತಿಳಿದಿರಬೇಕಾದದ್ದು.

ಬಿಚ್ಚಲೆಂದೇ ಮಾಡಿದ ಕತ್ತಿ

ನಮ್ಮ ಕಡೆಯ ಹಳೆಯ ಕತ್ತಿಗಳಲ್ಲಿ ಅಲಗನ್ನು ಹಿಡಿಯೊಳಗೆ ಸಾಮಾನ್ಯವಾಗಿ ಅರಗಿನಂಥ ಅಂಟಿನಿಂದ ಭದ್ರಪಡಿಸುತ್ತಿದ್ದರು. ಜಪಾನಿನ ಪದ್ಧತಿ ಬೇರೆ. ಅಲ್ಲಿ ಅಲಗಿನ ಬಾಲ ಮರದ ಹಿಡಿಯೊಳಗೆ ಸೇರುತ್ತದೆ. ಅಡ್ಡಲಾಗಿ ಒಂದು ತೂತು, ಆ ತೂತಿಗೆ ಬಿದಿರಿನ ಒಂದು ಸಣ್ಣ ಗೂಟ. 'ಮೆಕುಗಿ' ಎಂದು ಕರೆಯುವ ಆ ಗೂಟವನ್ನು ತಟ್ಟಿ ತೆಗೆದರೆ ಹಿಡಿ, ತಟ್ಟೆ, ಅಲಗಿನ ಬುಡದ ಲೋಹದ ಪಟ್ಟಿ ಎಲ್ಲವೂ ಒಂದೊಂದಾಗಿ ಕಳಚಿ ಬರುತ್ತವೆ. ಅಲಗು ಒಬ್ಬನ ಕೈಕೆಲಸ, ಅದನ್ನು ಸಾಣೆ ಹಿಡಿಯುವವನು ಇನ್ನೊಬ್ಬ, ಒರೆ ಮಾಡುವವನು ಮತ್ತೊಬ್ಬ, ಹಿಡಿಗೆ ದಾರ ಸುತ್ತುವವನು ಮಗದೊಬ್ಬ.

ಹಾಗಾಗಿ ಹಿಡಿ, ಒರೆ ಬದಲಿಸುವುದು ಜಪಾನೀಯರಿಗೆ ಹೊಸ ಮಾತಲ್ಲ. ಸಮುರಾಯಿಗೆ ಅದು ಉಡುಪು ಬದಲಿಸಿದಂತೆ. ದರ್ಬಾರಿಗೆ ಒಂದು ಬಗೆ, ಯುದ್ಧಕ್ಕೆ ಇನ್ನೊಂದು ಬಗೆ. ಬಳಕೆ ಇಲ್ಲದಾಗ ಅಲಗಿಗೆ ಅಲಂಕಾರವಿಲ್ಲದ ಬರಿಯ ಮರದ ಒರೆ. ಅಲಗು ಮಾತ್ರ ಒಂದೇ, ತಲೆಮಾರಿನಿಂದ ತಲೆಮಾರಿಗೆ ಬಂದದ್ದು.

ಅಲಗನ್ನೂ ಬದಲಿಸಿದ ಉದಾಹರಣೆಗಳಿವೆ. 1560ರಲ್ಲಿ ಓಕೆಹಜಾಮಾ ಎಂಬಲ್ಲಿ ನಡೆದ ಕಾಳಗದಲ್ಲಿ ಓಡಾ ನೊಬುನಾಗ ತನ್ನ ಎದುರಾಳಿ ಇಮಗಾವಾ ಯೋಶಿಮೊಟೊನನ್ನು ಸೋಲಿಸಿದ. ಸತ್ತವನ ಕತ್ತಿ ಗೆದ್ದವನ ಕೈಗೆ ಬಂತು. ನೊಬುನಾಗ ಅದನ್ನು ತನಗೆ ಬೇಕಾದ ಅಳತೆಗೆ ಮೊಟಕು ಮಾಡಿಸಿದ. ಆದರೆ ಅದರ ಜೊತೆಗೇ ಬಾಲದ ಮೇಲೆ ಚಿನ್ನದ ಅಕ್ಷರಗಳಲ್ಲಿ ಯುದ್ಧದ ದಿನಾಂಕ, ಕತ್ತಿ ಯಾರದಾಗಿತ್ತು, ಈಗ ಯಾರದು ಎಂಬುದನ್ನೂ ಕೆತ್ತಿಸಿದ. ಮುಂದೆ ಅದು ಹಿದೆಯೋಶಿಯ ಕೈಗೆ, ಬಳಿಕ ತೊಕುಗಾವಾ ಇಯೆಯಾಸುವಿನ ಕೈಗೆ ಹೋಯಿತು. ಇಂದು ಕ್ಯೋಟೋದ ಕೆಂಕುನ್ ದೇವಾಲಯಕ್ಕೆ ಸೇರಿದೆ. ಕತ್ತಿ ಗಿಡ್ಡವಾದರೂ ಕಥೆ ಉದ್ದವಾಗಿಯೇ ಉಳಿಯಿತು. ಬದಲಾವಣೆ ಮಾಡಿದವನು ಅದನ್ನು ಬರೆದಿಟ್ಟದ್ದೇ ಇದಕ್ಕೆ ಕಾರಣ.

ಸಾಂತೋಮ್‌ನ ಗೆರೆ, ಕಡಲಿನ ತೊರಕೆ

ಜಪಾನಿ ಕತ್ತಿಯ ಹಿಡಿಯಲ್ಲಿ ದಾರದ ಸುತ್ತುಗಳ ನಡುವೆ ಬಿಳಿಯ ಕಾಳುಕಾಳಾದ ಚರ್ಮ ಕಾಣುತ್ತದೆ. ಅದನ್ನು ನೋಡಿದವರು ಅಲಂಕಾರ ಎಂದುಕೊಳ್ಳುತ್ತಾರೆ. ಅದು ತೊರಕೆ ಮೀನಿನ ಚರ್ಮ. ಕರಾವಳಿಯ ಕನ್ನಡಿಗರಿಗೆ ತೊರಕೆಯ ಪರಿಚಯ ಹೇಳಬೇಕಿಲ್ಲ. ಮರೀನಾದ ಮೀನುಗಾರರು ಅದನ್ನೇ 'ತಿರುಕ್ಕೈ' ಎನ್ನುತ್ತಾರೆ. ಆ ಒರಟು ಚರ್ಮದ ಮೇಲೆ ದಾರ ಸುತ್ತಿದರೆ ಬೆವರಿದ ಕೈಯಲ್ಲೂ ಹಿಡಿ ಜಾರುವುದಿಲ್ಲ, ದಾರವೂ ಸರಿದಾಡುವುದಿಲ್ಲ.

ವಿಶೇಷವೆಂದರೆ ಜಪಾನಿನವರು ಈ ಚರ್ಮವನ್ನು ಬಹುಪಾಲು ಹೊರಗಿನಿಂದ ತರಿಸಿಕೊಳ್ಳುತ್ತಿದ್ದರು. 1641ರಿಂದ ಮುಂದಕ್ಕೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ನಾಗಸಾಕಿಯ ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ವ್ಯಾಪಾರ ಮಾಡಲು ಅನುಮತಿ ಇದ್ದ ಯುರೋಪಿಯನ್ನರು ಡಚ್ಚರು ಮಾತ್ರ. ಆಗ್ನೇಯ ಏಷ್ಯಾ ಮತ್ತು ಭಾರತದ ಕರಾವಳಿಗಳಿಂದ ಹಡಗೇರಿದ ಸರಕುಗಳಲ್ಲಿ ಜಿಂಕೆ ಚರ್ಮ, ತೊರಕೆ ಚರ್ಮ, ಬಟ್ಟೆ ಇದ್ದವು. ಡಚ್ಚರ ಕೋರಮಂಡಲ ಕೋಟೆ ಇದ್ದದ್ದು ಚೆನ್ನೈಗೆ ಉತ್ತರದ ಪಳವೇರ್ಕಾಡಿನಲ್ಲಿ. 1613ರಲ್ಲಿ ಅವರು ಕಟ್ಟಿದ ಗೆಲ್ಡ್ರಿಯಾ ಕೋಟೆಯ ಸ್ಥಳವನ್ನೂ ಅಲ್ಲಿನ ಡಚ್ ಸಮಾಧಿಗಳನ್ನೂ ಪ್ರವಾಸ ಹೋದವರು ನೋಡಿರಬಹುದು.

ಇನ್ನೊಂದು ಸಾಕ್ಷಿ ಭಾಷೆಯಲ್ಲೇ ಉಳಿದಿದೆ. ತೆಳ್ಳಗಿನ ಗೆರೆಗಳಿರುವ ಒಂದು ಬಗೆಯ ಹತ್ತಿ ಬಟ್ಟೆಗೆ ಜಪಾನಿನಲ್ಲಿ 'ಸಾಂತೊಮೆ' ಎಂಬ ಹೆಸರು. ತ್ರಿಪ್ಲಿಕೇನ್‌ನಿಂದ ಕಡಲಂಚಿನ ರಸ್ತೆಯಲ್ಲಿ ತೆಂಕಣಕ್ಕೆ ನಡೆದರೆ ಸಿಗುವ ಸಾಂತೋಮ್‌ನ ಹೆಸರೇ ಅದು. ಪೋರ್ಚುಗೀಸರ ಸಾವೋ ತೋಮೆಯಿಂದ ಬಂದ ಬಟ್ಟೆಗೆ ಊರಿನ ಹೆಸರೇ ಅಂಟಿಕೊಂಡಿತು. ದೂರದ ದೇಶದ್ದೆಂದು ನಾವು ಬೆರಗಿನಿಂದ ನೋಡುವ ವಸ್ತುವಿನ ಸುತ್ತ ನಮ್ಮ ಮಗ್ಗುಲಿನ ಕಡಲು ಹೀಗೆ ಸುಳಿದಾಡಿದೆ.

ನಮ್ಮ ಕತ್ತಿಗೆ ಪರಂಗಿ ಅಲಗು

ಬೇರೆಯವರ ಅಲಗಿಗೆ ತಮ್ಮ ಹಿಡಿ ಹಾಕಿ ಬಳಸುವ ಪದ್ಧತಿ ನಮ್ಮಲ್ಲೂ ಇತ್ತು. ಪೋರ್ಚುಗೀಸರು ಬಂದ ಮೇಲೆ ಜರ್ಮನಿಯ ಜೋಲಿಂಗನ್, ಇಟಲಿ ಮೊದಲಾದ ಕಡೆಯ ಉದ್ದನೆಯ ನೇರ ಅಲಗುಗಳು ದಖ್ಖನಿಗೆ ಬಂದವು. ನಮ್ಮ ಕಮ್ಮಾರರು ಅವಕ್ಕೆ ಇಲ್ಲಿನ ಕೈಗೆ ಒಗ್ಗುವ ಬುಟ್ಟಿಯಾಕಾರದ ಹಿಡಿ ಕೂರಿಸಿದರು. ಅಂಥ ಕತ್ತಿಗೆ 'ಫಿರಂಗಿ' ಎಂದೇ ಹೆಸರು. ದಖ್ಖನಿನ ಸುಲ್ತಾನರಲ್ಲೂ ಮರಾಠರಲ್ಲೂ ಅದಕ್ಕೆ ಮರ್ಯಾದೆ ಇತ್ತು. ವಿದೇಶಿ ಸರಕನ್ನು ತಂದು ನಮ್ಮ ರೂಢಿಗೆ ತಕ್ಕಂತೆ ತಿದ್ದಿ ಮಾರುವ ವಿದ್ಯೆ ಹೊಸದಲ್ಲ ಎಂದಾಯಿತು.

ಹಾಗೆಂದು ನಮ್ಮ ಉಕ್ಕು ಕೀಳಾಗಿತ್ತು ಎಂದಲ್ಲ. ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ದಕ್ಷಿಣ ಭಾರತದ ಉಕ್ಕಿಗೆ ಯುರೋಪಿನವರು 'ವೂಟ್ಜ್' ಎಂದರು. ಆ ಪದದ ಮೂಲ ನಮ್ಮ ಕನ್ನಡದ 'ಉಕ್ಕು' ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ.

ಟಿಪ್ಪು ಸುಲ್ತಾನನ ಕತ್ತಿಯ ಮಾತು ಇಲ್ಲಿ ಬಾರದೆ ಇರದು. 1769ರಲ್ಲಿ ಅವನ ತಂದೆ ಹೈದರಾಲಿ ಮದರಾಸಿನ ಬಾಗಿಲಿಗೇ ಸೈನ್ಯ ತಂದು ಕಂಪನಿಯವರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕಿದ ಕತ್ತಿಯನ್ನು ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಕೊಡಲಾಯಿತು. ಅದರ ಅಲಗು ಜರ್ಮನ್ ಅಲಗಿನ ಮಾದರಿಯಲ್ಲಿ ಭಾರತದ ಕಮ್ಮಾರರೇ ಮಾಡಿದ್ದು. ಅಲಗಿನ ಮೇಲೆ 'ದೊರೆಯ ಖಡ್ಗ' ಎಂಬ ಅರ್ಥದ ಬರಹ, ಹಿಡಿಯಲ್ಲಿ ಚಿನ್ನದ ಅಕ್ಷರಗಳು. 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅದು 1 ಕೋಟಿ 40 ಲಕ್ಷ ಪೌಂಡಿಗೂ ಹೆಚ್ಚಿಗೆ, ಅಂದರೆ ಸುಮಾರು 140 ಕೋಟಿ ರೂಪಾಯಿಗೆ ಮಾರಾಟವಾಯಿತು. ಅದಕ್ಕೂ ಮೊದಲು, 2003ರಲ್ಲಿ, ಟಿಪ್ಪುವಿನ ಒಂದು ಕತ್ತಿಯನ್ನು ಉದ್ಯಮಿ ವಿಜಯ್ ಮಲ್ಯ ಲಂಡನ್ನಿನ ಹರಾಜಿನಲ್ಲಿ ಕೊಂಡಿದ್ದರು.

ಬರಿಯ ಉಕ್ಕಿಗೂ ಚಿನ್ನಕ್ಕೂ ಯಾರೂ 140 ಕೋಟಿ ಕೊಡುವುದಿಲ್ಲ. ಅದು ಯಾರ ಕೈಯಲ್ಲಿತ್ತು, ಎಲ್ಲಿ ಸಿಕ್ಕಿತು, ಯಾರಿಗೆ ಹೋಯಿತು ಎಂಬ ಸರಪಳಿ ಕಡಿಯದೆ ಉಳಿದದ್ದಕ್ಕೆ ಆ ಬೆಲೆ. ಮಧ್ಯದಲ್ಲಿ ಯಾರಾದರೂ ಹಳತಾಯಿತೆಂದು ಹಿಡಿ ಕಿತ್ತು ಹೊಸದು ಹಾಕಿಸಿದ್ದರೆ?

ಹಳೆ ಕಬ್ಬಿಣದ ಬೆಲೆಗೆ ಹೋದ ಆಯುಧಾಗಾರ

ಅಂಥ ಸರಪಳಿ ಕಡಿದುಹೋದ ನಿದರ್ಶನ ತಮಿಳುನಾಡಿನಲ್ಲೇ ಇದೆ. 1855ರಲ್ಲಿ ತಂಜಾವೂರಿನ ಮರಾಠ ಅರಸು ಶಿವಾಜಿ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಕಂಪನಿ ಸರಕಾರ ರಾಜ್ಯವನ್ನು ಮುಟ್ಟುಗೋಲು ಹಾಕಿಕೊಂಡಿತು. ಅರಮನೆಯ ಆಯುಧಾಗಾರದಲ್ಲಿ ನಾಯಕರ ಕಾಲದಿಂದ ಕೂಡಿಬಂದ ಕತ್ತಿ, ಕಠಾರಿ, ಭರ್ಜಿ, ಅಂಕುಶಗಳ ರಾಶಿಯೇ ಇತ್ತು. 1860ರ ದಶಕದಲ್ಲಿ ಅದರಲ್ಲಿ ಆಯ್ದ ಕೆಲವನ್ನು ಮದರಾಸಿನ ಮ್ಯೂಸಿಯಮ್ಮಿಗೆ ಇರಿಸಿಕೊಂಡು, ಉಳಿದ ಬಹುಪಾಲನ್ನು ಮುರಿದು ಹಳೆ ಕಬ್ಬಿಣದ ಬೆಲೆಗೆ ಮಾರಿಬಿಟ್ಟರು.

ಆ ಆಯ್ದ ಆಯುಧಗಳು ಇಂದಿಗೂ ಎಗ್ಮೋರಿನ ಸರಕಾರಿ ಮ್ಯೂಸಿಯಮ್ಮಿನಲ್ಲಿವೆ. 1851ರಲ್ಲಿ ಆರಂಭವಾದ ಈ ಸಂಸ್ಥೆ ತ್ರಿಪ್ಲಿಕೇನ್‌ನಿಂದ ಆಟೋದಲ್ಲಿ ಹತ್ತೇ ನಿಮಿಷದ ದಾರಿ. ಕಂಚಿನ ನಟರಾಜನನ್ನೂ ಅಮರಾವತಿಯ ಶಿಲ್ಪಗಳನ್ನೂ ನೋಡಲು ಹೋಗುವವರು ಆಯುಧಗಳ ಮುಂದೆ ನಿಲ್ಲುವುದು ಕಡಿಮೆ. ಆದರೆ ರಾಬರ್ಟ್ ಎಲ್ಗುಡ್ ಎಂಬ ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಆಯುಧಗಳ ಕುರಿತ ದೊಡ್ಡ ಗ್ರಂಥಕ್ಕೆ ಈ ಸಂಗ್ರಹವೇ ಮುಖ್ಯ ಆಧಾರಗಳಲ್ಲಿ ಒಂದು. ಉಳಿದದ್ದೇ ಇಷ್ಟು ಹೇಳುವುದಾದರೆ ಕರಗಿಹೋದದ್ದು ಏನೆಲ್ಲ ಹೇಳುತ್ತಿತ್ತೋ!

ಯುದ್ಧ ತಂದ ಕತ್ತಿಗಳು

ಜಪಾನಿ ಕತ್ತಿಗಳು ಭಾರತದ ಮನೆಗಳಿಗೆ ಬಂದ ಬಗೆಯೂ ತಿಳಿಯಬೇಕಾದದ್ದೇ. 1942ರ ಏಪ್ರಿಲ್‌ನಲ್ಲಿ ಜಪಾನಿ ದಾಳಿಯ ಭಯದಿಂದ ಮದರಾಸು ನಗರ ಅರ್ಧಕ್ಕರ್ಧ ಖಾಲಿಯಾಗಿತ್ತು. 1943ರ ಅಕ್ಟೋಬರಿನಲ್ಲಿ ಒಂದು ಜಪಾನಿ ವಿಮಾನ ಬಂದು ಬಾಂಬು ಹಾಕಿದ್ದೂ ಉಂಟು. 1945ರಲ್ಲಿ ಕಾಲಚಕ್ರ ತಿರುಗಿತು. ಆ ವರ್ಷದ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನಿ ಸೇನೆ ಮೌಂಟ್‌ಬ್ಯಾಟನ್ನರಿಗೆ ಶರಣಾಯಿತು. ಶರಣಾಗತಿಯ ಸಮಯದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಕೊಡಗಿನ ಕೆ. ಎಸ್. ತಿಮ್ಮಯ್ಯನವರು, ಮುಂದೆ ದೇಶದ ಭೂಸೇನಾ ಮುಖ್ಯಸ್ಥರಾದವರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿದೆ.

ಜಪಾನಿ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಎಲ್ಲರ ಎದುರು ಒಪ್ಪಿಸಬೇಕೆಂಬುದು ಮೌಂಟ್‌ಬ್ಯಾಟನ್ನರ ಹಟ. ಹಾಗೆ ಒಪ್ಪಿಸಿದ ಕತ್ತಿಗಳು ಮಿತ್ರಪಡೆಗಳ ಸೈನಿಕರ ಟ್ರಂಕುಗಳಲ್ಲಿ ಹತ್ತಾರು ದೇಶ ಸೇರಿದವು. ಬರ್ಮಾ, ಮಲಯಾ ರಂಗಗಳಿಂದ ಮರಳಿದ ಭಾರತೀಯ ಸೈನಿಕರ ಸಾಮಾನಿನಲ್ಲೂ ಕೆಲವು ಬಂದವು.

ಇವುಗಳಲ್ಲಿ ಎರಡು ಬಗೆ. ಕೆಳದರ್ಜೆಯ ಅಧಿಕಾರಿಗಳಿಗೆ ಸರಕಾರವೇ ಕೊಟ್ಟದ್ದು 1935ರ ಮಾದರಿಯದು. ಯಂತ್ರದಲ್ಲಿ ತಯಾರಾದ ಅಲಗು, ಅದರ ಮೇಲೆ ಕ್ರಮಸಂಖ್ಯೆ. ಬಹುಪಾಲು ಕತ್ತಿಗಳ ಹಿಡಿ ದಾರ ಸುತ್ತಿದಂತೆ ಎರಕ ಹೊಯ್ದು ಬಣ್ಣ ಬಳಿದ ಅಲ್ಯುಮಿನಿಯಂ. ಎರಡನೆಯದು ಅಧಿಕಾರಿಗಳು ತಾವೇ ಖರೀದಿಸಿದ್ದು. ಅದರಲ್ಲೂ ಹೆಚ್ಚಿನವು ಯುದ್ಧಕಾಲದ ಕಾರ್ಖಾನೆಯ ಅಲಗುಗಳೇ. ಆದರೆ ಕೆಲವರು ಮನೆತನದ ಹಳೆಯ ಅಲಗನ್ನು, ಇನ್ನೂರು, ಮುನ್ನೂರು ವರ್ಷದ್ದನ್ನು, ಸೈನ್ಯದ ಹಿಡಿಗೆ, ಸೈನ್ಯದ ಒರೆಗೆ ಹಾಕಿಸಿಕೊಂಡು ಯುದ್ಧಕ್ಕೆ ಹೊರಟಿದ್ದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಗೂಟ ತೆಗೆದು ಬಾಲ ನೋಡಿದಾಗಲೇ ನಿಜ ಗೊತ್ತಾಗುವುದು.

ಗೊತ್ತುಮಾಡಿಕೊಳ್ಳದೆ ಕಳೆದುಕೊಂಡವರು ಜಪಾನಿನಲ್ಲೇ ಇದ್ದಾರೆ. ಹದಿಮೂರು, ಹದಿನಾಲ್ಕನೆಯ ಶತಮಾನದ ಮಹಾ ಕಮ್ಮಾರ ಮಸಮುನೆ ಮಾಡಿದ 'ಹೊಂಜೋ ಮಸಮುನೆ' ತೊಕುಗಾವಾ ಮನೆತನದ ಹೆಮ್ಮೆಯ ಆಸ್ತಿ. 1945ರ ಡಿಸೆಂಬರಿನಲ್ಲಿ ಆಯುಧ ಒಪ್ಪಿಸುವ ಆಜ್ಞೆಗೆ ತಲೆಬಾಗಿ ಅದನ್ನು ಟೋಕಿಯೋದ ಮೆಜಿರೊ ಪೊಲೀಸ್ ಠಾಣೆಗೆ ಕೊಟ್ಟರು. ಅಲ್ಲಿಂದ ಹೊರಟದ್ದು ಇಂದಿನವರೆಗೂ ಸಿಕ್ಕಿಲ್ಲ. ಯಾವುದೋ ಊರಿನ ಯಾವುದೋ ಅಟ್ಟದ ಮೇಲೆ, ಏನೆಂದು ಅರಿಯದವರ ಕೈಯಲ್ಲಿ ಅದು ಇದ್ದರೂ ಇರಬಹುದು.

ತುಕ್ಕೇ ಸಾಕ್ಷಿ

ಹಳೆಯ ಕತ್ತಿ ಕೈಗೆ ಬಂದಾಗ ಎಲ್ಲರೂ ಮೊದಲು ಮಾಡುವ ಕೆಲಸ ಉಜ್ಜುವುದು. ಹುಣಸೆಹಣ್ಣು, ಮರಳುಕಾಗದ, ಪಾತ್ರೆ ಪಾಲಿಷ್ ಅಂಗಡಿಯ ತಿರುಗುವ ಚಕ್ರ, ಯಾವುದು ಸಿಕ್ಕಿದರೆ ಅದು. ಅಲಗು ಕನ್ನಡಿಯಂತೆ ಹೊಳೆಯುತ್ತದೆ, ಮನೆಯವರಿಗೆ ಸಂತೋಷ. ಆದರೆ ಅರಿತವರ ಕಣ್ಣಿಗೆ ಅದು ಅಳಿಸಿದ ಹಸ್ತಪ್ರತಿ.

ಜಪಾನಿ ಕಮ್ಮಾರ ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಜೇಡಿಮಣ್ಣು ಮೆತ್ತಿ, ಕಾಸಿ, ನೀರಿಗೆ ಅದ್ದುತ್ತಾನೆ. ಬಾಯಿ ಬೇಗ ತಣಿದು ಗಡುಸಾಗುತ್ತದೆ, ಬೆನ್ನು ಮೆದುವಾಗಿ ಉಳಿಯುತ್ತದೆ. ಎರಡರ ನಡುವೆ ಮೂಡುವ ಮೋಡದಂಥ ಗೆರೆಗೆ 'ಹಮೊನ್' ಎಂದು ಹೆಸರು. ಹಂತಹಂತವಾಗಿ ನಯವಾದ ಕಲ್ಲುಗಳಿಂದ ವಾರಗಟ್ಟಲೆ ಸಾಣೆ ಹಿಡಿದು ಅದನ್ನು ಎದ್ದು ಕಾಣಿಸುವುದೇ ಅಲ್ಲಿ ಒಂದು ವೃತ್ತಿ. ತಿರುಗುವ ಚಕ್ರಕ್ಕೆ ಹಿಡಿದರೆ ಗೆರೆ ಮಸುಕಾಗುತ್ತದೆ, ಅಲಗಿನ ಚೂಪಾದ ಅಂಚುಗಳು ದುಂಡಗಾಗುತ್ತವೆ. ನಮ್ಮ ಮೂಸೆ ಉಕ್ಕಿನ ಅಲಗಿನಲ್ಲೂ ನೀರಿನ ಅಲೆಯಂಥ ವಿನ್ಯಾಸವಿರುತ್ತದೆ. ಅದೂ ಹೀಗೆಯೇ ಮರೆಯಾಗುತ್ತದೆ. ಕಮ್ಮಾರನಲ್ಲಿ ಒಯ್ದು ಮತ್ತೆ ಕಾಸಿದರಂತೂ ಪೂರ್ತಿ ನಾಶ.

ಇನ್ನು ಬಾಲದ ತುಕ್ಕು. ಕಪ್ಪಾದ, ಸಮನಾದ ಹಳೆಯ ತುಕ್ಕು ಕತ್ತಿಯ ವಯಸ್ಸಿನ ಜನನಪತ್ರ. ಅದರ ಕೆಳಗೆ ಕಮ್ಮಾರನ ಹೆಸರು, ಊರು, ಕೆಲವೊಮ್ಮೆ ವರ್ಷವೂ ಕೆತ್ತಿರುತ್ತದೆ. ತುಕ್ಕು ಕೆರೆದರೆ ಸಾಕ್ಷಿ ಹೋಯಿತು. ಹೆಸರಿದ್ದ ಮಾತ್ರಕ್ಕೆ ನಂಬಲೂ ಬಾರದು. ಪ್ರಸಿದ್ಧ ಕಮ್ಮಾರರ ಹೆಸರನ್ನು ಸಾಮಾನ್ಯ ಅಲಗಿಗೆ ಕೆತ್ತಿ ಮಾರುವ ಮೋಸ ಜಪಾನಿನಲ್ಲಿ ಶತಮಾನಗಳಷ್ಟು ಹಳೆಯದು. ಅದಕ್ಕೆಂದೇ ಹೊನಾಮಿ ಎಂಬ ಮನೆತನ ತಲೆಮಾರುಗಳ ಕಾಲ ಕತ್ತಿಗಳನ್ನು ಪರೀಕ್ಷಿಸಿ ಮಡಿಸಿದ ಕಾಗದದಲ್ಲಿ ಪ್ರಮಾಣಪತ್ರ ಕೊಡುತ್ತಿತ್ತು. 1948ರಲ್ಲಿ ಆರಂಭವಾದ ಜಪಾನಿ ಕಲಾಕತ್ತಿಗಳ ಸಂರಕ್ಷಣಾ ಸಂಘ ಇಂದು ಆ ಕೆಲಸ ಮಾಡುತ್ತಿದೆ. ಅಲ್ಲಿ ಪ್ರತಿ ಕತ್ತಿಗೂ ನೋಂದಣಿ ಚೀಟಿ ಇರಬೇಕು. ಪರವಾನಗಿ ಪಡೆದ ಕಮ್ಮಾರ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದದ ಕತ್ತಿ ಮಾಡುವಂತಿಲ್ಲ.

ಹೀಗಿರುವಾಗ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ 'ಅಸಲಿ ಜಪಾನಿ ಕತ್ತಿ' ಎಲ್ಲಿಯದೆಂದು ಯಾರೂ ಊಹಿಸಬಹುದು. ಚೀನಾದ ಲೊಂಗ್‌ಚುವಾನ್ ಪಟ್ಟಣ ಇಂಥ ಕತ್ತಿಗಳ ದೊಡ್ಡ ತಯಾರಿಕಾ ಕೇಂದ್ರ. ನಮ್ಮ ಡೆಹ್ರಾಡೂನಿನಲ್ಲೂ 1943ರಲ್ಲಿ ಆರಂಭವಾದ ವಿಂಡ್ಲಾಸ್ ಸಂಸ್ಥೆ ನಾನಾ ದೇಶಗಳ ಐತಿಹಾಸಿಕ ಕತ್ತಿಗಳ ಪ್ರತಿಕೃತಿ ಮಾಡಿ ರಫ್ತು ಮಾಡುತ್ತದೆ. ಪ್ರತಿಕೃತಿಯನ್ನು ಪ್ರತಿಕೃತಿ ಎಂದೇ ಮಾರುವುದು ಪ್ರಾಮಾಣಿಕ ವ್ಯಾಪಾರ. ಹೊಸ ಅಲಗಿಗೆ ಆಮ್ಲದಿಂದ ಗೆರೆ ಬರಿಸಿ, ಚಹಾದ ನೀರಿನಲ್ಲಿ ತುಕ್ಕು ಹಿಡಿಸಿ, ಹಳೆಯ ತಟ್ಟೆ ಜೋಡಿಸಿ 'ಸಮುರಾಯಿ ಕಾಲದ್ದು' ಎನ್ನುವುದು ಮೋಸ.

ಕಾನೂನಿನ ಮಾತು

ಕತ್ತಿಯ ವಿಷಯದಲ್ಲಿ ಅಭಿಮಾನ ಒಂದೇ ಸಾಲದು, ಕಾನೂನಿನ ತಿಳಿವಳಿಕೆಯೂ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕು ಮಾತ್ರವಲ್ಲ, ಹರಿತವಾದ ಆಯುಧಗಳೂ ಸೇರಿವೆ. 2016ರ ನಿಯಮಾವಳಿಯಂತೆ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿರುವ ಕತ್ತಿ, ಕಠಾರಿಗಳು ಐದನೆಯ ವರ್ಗದ ಆಯುಧಗಳು. ಕೇಂದ್ರ ಸರಕಾರ ಕಾಯ್ದೆಯ 4ನೆಯ ಕಲಮಿನಡಿ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇವನ್ನು ಇಟ್ಟುಕೊಳ್ಳಲೂ ಪರವಾನಗಿ ಬೇಕು. ಮನೆಗೆ ತರುವ ಮುನ್ನ, ಮಾರುವ ಮುನ್ನ ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳುವುದೇ ಕ್ಷೇಮ. ಹೊರದೇಶದಿಂದ ನಿಜವಾದ ಕತ್ತಿ ತರಿಸುವುದಾದರೆ ಅನುಮತಿಯ ಪ್ರಶ್ನೆ ಬಂದೇ ಬರುತ್ತದೆ. ಹುಟ್ಟುಹಬ್ಬದ ಕೇಕು ಕತ್ತರಿಸಲು, ಮೆರವಣಿಗೆಯಲ್ಲಿ ಬೀಸಲು ಕತ್ತಿ ಹಿಡಿದವರ ಮೇಲೆ ಮೊಕದ್ದಮೆ ಹೂಡಿದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ.

ನೂರು ವರ್ಷ ದಾಟಿದ ಕತ್ತಿಯಾದರೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಅನ್ವಯಿಸುತ್ತದೆ. ಪ್ರಾಚ್ಯವಸ್ತುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಕಳಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆ ಕಾದಿದೆ. ಅಮೆರಿಕದಲ್ಲಿರುವ ಮಗನಿಗೆ ಅಜ್ಜನ ಕತ್ತಿಯನ್ನು ಕೊರಿಯರ್ ಮಾಡಹೊರಡುವವರು ಇದನ್ನು ನೆನಪಿಡಬೇಕು. ಯುದ್ಧಕಾಲದ ಜಪಾನಿ ಕತ್ತಿಗೆ ಇನ್ನೂ ನೂರು ತುಂಬಿಲ್ಲ, ನಿಜ. ಆದರೆ ಒಳಗಿನ ಅಲಗಿಗೆ ಮುನ್ನೂರು ತುಂಬಿರಬಹುದು!

ಹಿಡಿಗೆ ದಂತ ಹಾಕಿಸುವ ಆಸೆಯೂ ಬೇಡ. ದಂತದ ವ್ಯಾಪಾರ ವನ್ಯಜೀವಿ 
ಸಂರಕ್ಷಣಾ ಕಾಯ್ದೆಯಂತೆ ನಿಷಿದ್ಧ. ತೊರಕೆಯ ಕೆಲವು ಜಾತಿಗಳೂ ಆ ಕಾಯ್ದೆಯ ರಕ್ಷಣೆಗೆ ಒಳಪಟ್ಟಿವೆ.

ಮಾಡಬಹುದಾದದ್ದು

ಹಾಗಾದರೆ ಅಟ್ಟದ ಮೇಲೆ ಕತ್ತಿ ಸಿಕ್ಕಿದವರು ಏನು ಮಾಡಬೇಕು? ಮೊದಲನೆಯದಾಗಿ, ಏನನ್ನೂ ಮಾಡಬಾರದು. ಉಜ್ಜಬಾರದು, ಹರಿತ ಮಾಡಿಸಬಾರದು, ಹಿಡಿ ಬಲವಂತವಾಗಿ ಕೀಳಬಾರದು. ಅಲಗನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಬೆವರು ತಾಗಿದಲ್ಲೆಲ್ಲ ತುಕ್ಕು ಹತ್ತುತ್ತದೆ. ಆಯುಧಪೂಜೆಗೆ ಗಂಧ, ಕುಂಕುಮ ಹಚ್ಚುವುದಾದರೆ ಒರೆಯ ಮೇಲೆ ಹಚ್ಚಿ, ಅಲಗಿಗೆ ಬೇಡ. ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಟ್ಟರೆ ಸಾಕು. ಚೆನ್ನೈನ ಕಡಲಗಾಳಿಗೆ ಕಬ್ಬಿಣ ಬೇಗ ಸೋಲುತ್ತದೆ ಎಂಬುದು ಇಲ್ಲಿ ಮನೆ ಮಾಡಿದವರಿಗೆಲ್ಲ ಗೊತ್ತು.

ಎರಡನೆಯದು, ಬರೆದಿಡುವುದು. ಯಾರದು, ಯಾವ ಊರಿನಿಂದ ಬಂತು, ಯಾವ ವರ್ಷ, ಅಜ್ಜಿ ಏನು ಹೇಳುತ್ತಿದ್ದರು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕತ್ತಿಯ ಜೊತೆಗೇ ಇಡಬೇಕು. ಹಳೆಯ ಪತ್ರ, ಫೋಟೋ ಇದ್ದರೆ ಅದರ ಪ್ರತಿಯೂ ಇರಲಿ. ಮೂರನೆಯದು, ಹಿಡಿ ಅಥವಾ ಒರೆ ತೀರ ಶಿಥಿಲವಾಗಿ ಬದಲಿಸಲೇಬೇಕಾದರೆ ಕಳಚಿದ ಹಳೆಯ ತುಂಡುಗಳನ್ನು, ಮುರಿದ ಗೂಟವನ್ನೂ ಸೇರಿಸಿ, ಒಂದು ಬಟ್ಟೆಯಲ್ಲಿ ಕಟ್ಟಿ ಕಾಯಬೇಕು. ಮಾರುವಾಗ ಆ ಗಂಟನ್ನೂ, 'ಇಂತಿಂಥದ್ದು ನಾವು ಬದಲಿಸಿದ್ದು' ಎಂಬ ಚೀಟಿಯನ್ನೂ ಕೊಳ್ಳುವವರಿಗೆ ಕೊಡಬೇಕು. ನೊಬುನಾಗನಂತೆ ಚಿನ್ನದಲ್ಲಿ ಕೆತ್ತಿಸಬೇಕಿಲ್ಲ, ಬಾಲ್‌ಪೆನ್ನಿನಲ್ಲಿ ಬರೆದರೆ ಸಾಕು.

ಹೊಸ ಕತ್ತಿಯನ್ನು ಸಿಂಗರಿಸಿ ಮಾರುವ ಯುವಕರಿಗೂ ಇದೇ ಮಾತು ಅನ್ವಯ. ದಾರ ಸುತ್ತುವ ನಾಜೂಕು, ಮರ ಕೆತ್ತುವ ತಾಳ್ಮೆ ನಿಜಕ್ಕೂ ಮೆಚ್ಚತಕ್ಕ ಗುಣಗಳು. ಆ ಕೆಲಸಕ್ಕೆ ಅವರು ತಮ್ಮ ಹೆಸರು, ಇಸವಿ ಹಾಕಿಕೊಳ್ಳಲಿ. ಸುಳ್ಳು ಚರಿತ್ರೆಯ ನೆರವಿಲ್ಲದೆಯೂ ಒಳ್ಳೆಯ ಕೈಕೆಲಸಕ್ಕೆ ಬೆಲೆ ಇದೆ.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವ, ದಾಸರ ಆರಾಧನೆ, ಮಕ್ಕಳ ಸ್ಪರ್ಧೆಗಳನ್ನು ವರ್ಷವರ್ಷವೂ ಅಚ್ಚುಕಟ್ಟಾಗಿ ನಡೆಸಿಕೊಂಡು ಬರುತ್ತಿವೆ. ಒಂದು ಭಾನುವಾರ ಸದಸ್ಯರ ಮಕ್ಕಳನ್ನು ಎಗ್ಮೋರಿನ ಮ್ಯೂಸಿಯಮ್ಮಿಗೆ ಕರೆದೊಯ್ದು ಆ ತಂಜಾವೂರಿನ ಕತ್ತಿಗಳ ಮುಂದೆ ಅರ್ಧ ಗಂಟೆ ನಿಲ್ಲಿಸಿದರೆ ಅದೂ ಒಂದು ಸೇವೆಯೇ. ಊರು ಬಿಟ್ಟು ಬಂದವರು ಹೊತ್ತು ತಂದದ್ದು ಸ್ವಲ್ಪ. ಭಾಷೆ, ಅಡುಗೆ, ದೇವರಪಟ, ಎಲ್ಲೋ ಒಂದು ಹಳೆಯ ಕಬ್ಬಿಣದ ತುಂಡು. ಮನೆ ಬದಲಾಗಬಹುದು, ಬೀದಿ ಬದಲಾಗಬಹುದು, ಹಿಡಿಯೂ ಬದಲಾಗಬಹುದು. ಅದು ಯಾರದಾಗಿತ್ತು ಎಂಬ ಒಂದು ಸಾಲು ಮಾತ್ರ ಜೊತೆಗಿರಲಿ.